ಕನ್ನಡ ಮಾಧ್ಯಮದಿಂದ ಬಂದ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಸಣ್ಣಕಥೆ ಅರ್ಥವಾಗುವಂತೆ ಕಲಿಸುವುದು ಹೇಗೆ?

ಇಂಡಿ ಕಡೆಯ ಕಾಲೇಜಿನಲ್ಲಿ ಹೊಸದಾಗಿ ಪಾಠ ಶುರು ಮಾಡಿದ್ದೀರಿ. ಸಾಲುಸಾಲಿಗೂ ಕನ್ನಡದಲ್ಲಿ ಅರ್ಥ ಹೇಳಿದರೂ ಹುಡುಗರು ಉತ್ತರ ಬರೆಯುತ್ತಿಲ್ಲ ಎಂದು ಕೇಳಿದ್ದೀರಿ. ತೊಡಕು ಇರುವುದು ಆ ಅರ್ಥ ಹೇಳುವುದರಲ್ಲೇ. ನೀವು ಹೇಳುವುದನ್ನು ಅವರು ಕೇಳುತ್ತಾರೆ, ಪುಸ್ತಕ ಓದುವುದಿಲ್ಲ. ಕನ್ನಡ ಬಿಡಬೇಕಿಲ್ಲ. ಓದು ಇಂಗ್ಲಿಷಿನಲ್ಲಿ ನಡೆಯಲಿ, ಓದಿದ್ದರ ಚರ್ಚೆ ಕನ್ನಡದಲ್ಲಿ ಆಗಲಿ.

ಅಮೆರಿಕದ ಕಥೆಗಾರ ಓ. ಹೆನ್ರಿಯ ‘ದ ಗಿಫ್ಟ್ ಆಫ್ ದ ಮ್ಯಾಜೈ’ (1905) ತಗೊಳ್ಳಿ. ಕ್ರಿಸ್‌ಮಸ್ ಉಡುಗೊರೆಯಾಗಿ ಗಂಡನ ಜೇಬುಗಡಿಯಾರಕ್ಕೆ ಚೈನು ತರಲು ಹೆಂಡತಿ ಡೆಲ್ಲಾ ತನ್ನ ಕೂದಲು ಮಾರುತ್ತಾಳೆ. ಅವಳ ಕೂದಲಿಗೆ ಬಾಚಣಿಗೆ ತರಲು ಗಂಡ ಜಿಮ್ ಆ ಗಡಿಯಾರವನ್ನೇ ಮಾರಿರುತ್ತಾನೆ. ಓದಿಗೆ ಮೊದಲು ಐದೇ ನಿಮಿಷ ಮಾತಾಡಿ. ನಮ್ಮ ಓಣಿಗಳಿಗೆ ಕೂದಲು ತಗೊಂಡು ಪಾತ್ರೆ ಕೊಡುವವರು ಬರುತ್ತಾರಲ್ಲ, ಅದನ್ನು ನೆನಪಿಸಿದರೆ ಕೂದಲಿಗೂ ಬೆಲೆ ಇದೆ ಎಂಬುದು ತಾನಾಗಿ ಹೊಳೆಯುತ್ತದೆ. ಆ ಬಾಚಣಿಗೆಗಳು ತುರುಬಿಗೆ ಸಿಕ್ಕಿಸುವ ಬೆಲೆಬಾಳುವ ಅಲಂಕಾರ ಎಂದು ಮೊದಲೇ ತಿಳಿಸಿ; ಇಲ್ಲವಾದರೆ ಒಂದು ಬಾಚಣಿಗೆಗಾಗಿ ಗಡಿಯಾರ ಮಾರಿದನೇ ಎಂದು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಇಂಥ ಆರೇಳು ಪದ ಸಾಕು. ಕೊನೆ ಏನೆಂದು ಮಾತ್ರ ಹೇಳಬೇಡಿ.

ಕಥೆಯನ್ನು ಮೂರು ತುಂಡು ಮಾಡಿ: ಚೈನು ಕೊಳ್ಳುವವರೆಗೆ, ಜಿಮ್ ಬಾಗಿಲಲ್ಲಿ ನಿಲ್ಲುವವರೆಗೆ, ಉಳಿದದ್ದು. ಮೊದಲ ಪುಟ ನೀವು ಗಟ್ಟಿಯಾಗಿ ಓದಿ, ಮುಂದೆ ಅವರು ಮೌನವಾಗಿ ಓದಲಿ. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರೆ ಓದುವವನ ಗಮನ ಉಚ್ಚಾರದ ಮೇಲೆ, ಉಳಿದವರ ಗಮನ ತಮ್ಮ ಪಾಳಿಯ ಮೇಲೆ. ಬೈಬಲ್ಲಿನ ಶೆಬಾ ರಾಣಿ, ಸೊಲೊಮನ್ ರಾಜ ಬರುವ ಭಾಗವನ್ನೂ ಕೊನೆಯ ಪ್ಯಾರಾವನ್ನೂ ಎರಡನೇ ಓದಿಗೆ ಇಟ್ಟುಕೊಳ್ಳಿ.

ಹೆಚ್ಚು ಕೆಲಸ ಇರುವುದು ಪ್ರಶ್ನೆಯಲ್ಲಿ. ‘ಡೆಲ್ಲಾ ಏನು ಮಾರಿದಳು?’ ಎಂದರೆ ಪ್ರಶ್ನೆಯ ಪದ ಸಿಗುವ ಸಾಲನ್ನು ಹುಡುಕಿ ಹಾಗೇ ಇಳಿಸುತ್ತಾರೆ, ಅರ್ಥವಾಗಬೇಕಿಲ್ಲ. ಮನೆಗೆ ಮರಳುವಾಗ ಅವಳ ಹತ್ತಿರ 87 ಸೆಂಟ್ ಉಳಿದಿತ್ತು; ಅದು ಹೇಗೆ ಎಂದು ಕೇಳಿ. ಮೊದಲಿದ್ದದ್ದು 1 ಡಾಲರ್ 87 ಸೆಂಟ್, ಕೂದಲಿಗೆ ಬಂದದ್ದು 20, ಚೈನಿಗೆ ಹೋದದ್ದು 21 ಡಾಲರ್. ಮೂರು ಕಡೆ ಚದುರಿದ ಮೊತ್ತ ಕೂಡಿಸಲು ಮೂರೂ ಕಡೆ ಓದಲೇಬೇಕು.

ಎರಡನೇ ತುಂಡು ಮುಗಿದಾಗ, ಬಾಗಿಲಲ್ಲಿ ನಿಂತ ಜಿಮ್ ಡೆಲ್ಲಾಳನ್ನು ಏಕೆ ಹಾಗೆ ದಿಟ್ಟಿಸುತ್ತಿದ್ದಾನೆ ಎಂದು ಎರಡು ಸಾಲು ಬರೆಸಿ, ಕನ್ನಡದಲ್ಲಾದರೂ ಸರಿ. ಬಹಳಷ್ಟು ಮಂದಿ ‘ಸಿಟ್ಟಾಗಿದ್ದಾನೆ’ ಎಂದು ಬರೆಯುತ್ತಾರೆ. ಆ ನೋಟವನ್ನು ಹೇಳುವ ವಾಕ್ಯದಲ್ಲಿ ‘ಆ್ಯಂಗರ್’ ಪದವೇನೋ ಇದೆ, ಆದರೆ ಅದರ ಹಿಂದೆ ‘ನಾಟ್’ (not), ಮುಂದೆ ಸಾಲಾಗಿ ‘ನಾರ್’ (nor) ಗಳಿವೆ. ಸಿಟ್ಟಲ್ಲ, ಅಚ್ಚರಿಯೂ ಅಲ್ಲ ಎಂದು ಲೇಖಕ ಒಂದೊಂದನ್ನೇ ತೆಗೆದುಹಾಕುತ್ತಿದ್ದಾನೆ. ತಪ್ಪೆಂದು ಹೇಳದೆ ಆ ವಾಕ್ಯಕ್ಕೇ ವಾಪಸ್ ಕಳಿಸಿ, ‘ನಾರ್’ಗಳ ಕೆಳಗೆ ಗೆರೆ ಎಳೆಸಿ. ತಿದ್ದುಪಡಿ ಅವರ ಪೆನ್ನಿನಿಂದಲೇ ಬರಲಿ.

ಗೈಡಿನ ಸಾರಾಂಶ ಓದುವುದಿದ್ದರೆ ಇಷ್ಟೆಲ್ಲ ಮುಗಿದ ಮೇಲೆ. ಪರೀಕ್ಷೆಯ ಉತ್ತರವನ್ನು ಗೈಡ್ ಮುಚ್ಚಿಸಿ, ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ತರಗತಿಯಲ್ಲೇ ಬರೆಸಿ. ಮೊದಮೊದಲು ವ್ಯಾಕರಣಕ್ಕೆ ಅಂಕ ಕಳೆಯಬೇಡಿ.