ಬರೀ ಬಿಯರ್ ತಾನೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯವರು ದಿನಾ ರಾತ್ರಿ 650 ಮಿ.ಲೀ.ನ ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿಯುತ್ತಾರೆ. ಕೇಳಿದರೆ ‘ಬರೀ ಬಿಯರ್ ತಾನೇ, ವಿಸ್ಕಿ ಅಲ್ವಲ್ಲ’ ಅಂತಾರೆ. ಬಾಟಲಿ ಮೇಲೆ 8% ಅಂತಿದೆ. ವಿಸ್ಕಿಯಲ್ಲಿ 40% ಇರುತ್ತದಂತೆ. ಹಾಗಾದರೆ ಬಿಯರ್ ನಿಜಕ್ಕೂ ಹಗುರವೇ?
– ಹೆಸರು ಬೇಡ

ಉತ್ತರ: ಶೇಕಡಾ ಎಷ್ಟು ಅನ್ನುವುದನ್ನು ಮಾತ್ರ ನೋಡಬೇಡಿ ತಾಯಿ, ಎಷ್ಟು ಕುಡಿದರು ಅನ್ನುವುದನ್ನೂ ಜೊತೆಗೆ ನೋಡಿ. 8% ಅಂದರೆ 100 ಮಿ.ಲೀ. ಬಿಯರಿನಲ್ಲಿ 8 ಮಿ.ಲೀ. ಅಪ್ಪಟ ಆಲ್ಕೋಹಾಲ್. 650 ಮಿ.ಲೀ.ಗೆ 52 ಮಿ.ಲೀ. ಆಯಿತು. ಈಗ 40% ವಿಸ್ಕಿಯ 30 ಮಿ.ಲೀ. ಪೆಗ್ ತೆಗೆದುಕೊಳ್ಳಿ. ಅದರಲ್ಲಿರುವುದು 12 ಮಿ.ಲೀ. ಅಂದರೆ ಅವರ ಒಂದು ಬಾಟಲಿ ನಾಲ್ಕು ಪೆಗ್ಗಿಗಿಂತ ಜಾಸ್ತಿ. ‘ಬಿಯರ್ ಅಷ್ಟೇ ಡಾಕ್ಟ್ರೇ’ ಅನ್ನುವವರಿಗೆಲ್ಲ ನಾನು ಈ ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸುತ್ತೇನೆ. ಬಹಳ ಜನ ಅಲ್ಲಿಯವರೆಗೆ ಕೂಡಿ ನೋಡಿಯೇ ಇರುವುದಿಲ್ಲ.

ಬಿಯರ್, ವೈನ್ ಎರಡೂ ಹುದುಗಿಸಿ ಮಾಡುವಂಥವು. ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ. ಅದು ಸುಮಾರು 15% ಮುಟ್ಟುವ ಹೊತ್ತಿಗೆ ಯೀಸ್ಟೇ ತಡೆಯಲಾರದೆ ಸಾಯುತ್ತದೆ. ಮಾಮೂಲಿ ಬಿಯರ್ ಸಕ್ಕರೆ ಕಡಿಮೆ ಇರುವುದರಿಂದ 5%, ವೈನ್ 12–14% ಆಸುಪಾಸಿನಲ್ಲಿ ನಿಲ್ಲುತ್ತವೆ. ಆ 15%ಕ್ಕಿಂತ ಬಹಳ ಮೇಲೆ ಹೋಗಲು ಭಟ್ಟಿ ಇಳಿಸಬೇಕು. ವಿಸ್ಕಿ, ರಮ್, ಬ್ರಾಂದಿ, ವೋಡ್ಕಾ ಸಾಮಾನ್ಯವಾಗಿ 40% ಸುತ್ತಮುತ್ತ ಇರುವುದು ಹೀಗೆ. ಇವಕ್ಕೆ ನೀರು, ಸೋಡಾ ಬೆರೆಸಿದರೆ ಖಾರ ಕಡಿಮೆಯಾಗುತ್ತದೆ, ಹೊಟ್ಟೆಗೆ ಹೋಗುವ ಆಲ್ಕೋಹಾಲ್ ಅಷ್ಟೇ ಇರುತ್ತದೆ.

ಲಿವರಿಗೆ ಇದು ಬಿಯರ್, ಅದು ವಿಸ್ಕಿ ಅನ್ನುವ ಭೇದವಿಲ್ಲ. ಗಂಟೆಗೆ ಹೆಚ್ಚುಕಡಿಮೆ 10 ಮಿ.ಲೀ. ಕರಗಿಸುತ್ತದೆ, ಆಳು ನೋಡಿ ಸ್ವಲ್ಪ ಆಚೀಚೆ. 52 ಮಿ.ಲೀ.ಗೆ ಐದಾರು ಗಂಟೆ ಬೇಕು. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ ಅದು ಬೇಗ ಇಳಿಯುವುದಿಲ್ಲ. ನಿಮ್ಮವರು ನಸುಕಿಗೇ ಗಾಡಿ ತೆಗೆಯುವವರಾದರೆ ಇದನ್ನು ಖಂಡಿತ ಹೇಳಿ.

ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಸುರಕ್ಷಿತ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ದಿನಾ ನಾಲ್ಕು ಪೆಗ್ಗಿನಷ್ಟು ಅಂದರೆ ನನಗಂತೂ ಚಿಂತೆಯಾಗುತ್ತದೆ. ಈ ಲೆಕ್ಕವನ್ನು ಕುಡಿದ ಮೇಲೆ ಹೇಳಬೇಡಿ, ಬೆಳಿಗ್ಗೆ ಕೂತು ಸಮಾಧಾನವಾಗಿ ಹೇಳಿ. ಇನ್ನೊಂದು ಮಾತು. ಒಂದು ದಿನ ಕುಡಿಯದಿದ್ದರೆ ಅವರಿಗೆ ಕೈ ನಡುಗುವುದು, ಬೆವರುವುದು ಇದೆಯಾ? ಇದ್ದರೆ ಹಠ ಹಿಡಿದು ಒಮ್ಮೆಗೇ ಬಿಡಿಸಬೇಡಿ, ಫಿಟ್ಸ್ ಬರಬಹುದು. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಔಷಧಿ ಕೊಟ್ಟು ನಿಧಾನವಾಗಿ ಬಿಡಿಸುತ್ತಾರೆ.