ರಾತ್ರಿ ಎರಡಕ್ಕೆ ಹೊಳೆ ಬಂದರೆ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು. ಆಪತ್ತು ಬಂದರೆ ನಾವು ತಡೆದುಕೊಳ್ಳುತ್ತೇವಾ, ಅದನ್ನು ಮೊದಲೇ ತಿಳಿಯೋದು ಹೇಗೆ ಅಂತ ಕೇಳಿದ್ದಾರೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಬೇಕಂತಲೇ ಉದ್ದ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ಅಫಜಲಪುರ ತಾಲ್ಲೂಕು, ಭೀಮಾ ದಂಡೆಯ ಊರು. 2020ರ ಅಕ್ಟೋಬರ್ ನೆರೆಯಲ್ಲಿ ಉಟ್ಟ ಸೀರೆಯಲ್ಲೇ ಮನೆ ಬಿಟ್ಟೆವು. ಆಮೇಲೆ ಟಾರ್ಚು, ಹಗ್ಗ, ಔಷಧಿ ಡಬ್ಬಿ ಎಲ್ಲಾ ತಂದಿಟ್ಟಿದ್ದೇನೆ. ಆದರೂ ಮಳೆ ಜೋರಾದರೆ ಕೈಕಾಲು ನಡುಗುತ್ತವೆ. ನಾನು ತಯಾರಿದ್ದೇನೋ ಇಲ್ಲವೋ ಗೊತ್ತಾಗೋದು ಹೇಗೆ?

ಉತ್ತರ: ತಂಗಿ, ಮೊದಲು ನಡುಕದ ಮಾತು. ಮನೆಯೊಳಗೆ ಹೊಳೆ ನುಗ್ಗಿದ್ದನ್ನು ಒಮ್ಮೆ ಕಂಡವರ ಮೈ ನಡುಗೇ ನಡುಗುತ್ತದೆ. ಅದು ಹೇಡಿತನ ಅಲ್ಲ. ನಡುಗುತ್ತಲೇ ನಿಮ್ಮ ಕೈ ಮೊದಲ ಕೆಲಸಕ್ಕೆ ಹೋಗುತ್ತದಾ ಅನ್ನೋದನ್ನು ನೋಡಿಕೊಳ್ಳಿ. ಗಾಬರಿಯಲ್ಲಿ ಬಹಳ ಜನ ಕೂಗಾಡುವುದಿಲ್ಲ, ಸುಮ್ನೆ ನಿಂತುಬಿಡುತ್ತಾರೆ. ಪಕ್ಕದ ಮನೆಯವರು ಏನು ಮಾಡುತ್ತಾರೆ ಅಂತ ಇವರು ನೋಡುತ್ತಾರೆ, ಅವರು ಇವರನ್ನು ನೋಡುತ್ತಾ ಇರುತ್ತಾರೆ, ಅಷ್ಟರಲ್ಲಿ ನೀರು ಅಂಗಳಕ್ಕೆ ಬಂದಿರುತ್ತದೆ. ಅದಕ್ಕೇ ಮೊದಲ ಕೆಲಸ ಯಾವುದು ಅಂತ ಇವತ್ತೇ ಗೊತ್ತುಮಾಡಿ. ಒಂದೇ ಒಂದು ಸಾಕು. ಮೇನ್ ಸ್ವಿಚ್ ಆಫ್ ಮಾಡೋದು ಅಂತ ಇಟ್ಟುಕೊಳ್ಳಿ. ಒಂದು ಕೆಲಸಕ್ಕೆ ಕೈ ಹತ್ತಿದರೆ ಮುಂದಿನದು ತಾನಾಗಿ ನೆನಪಾಗುತ್ತದೆ.

ಇನ್ನು ಪರೀಕ್ಷೆ. ಒಂದು ರಾತ್ರಿ ಊಟ ಆದಮೇಲೆ ಮನೆಯ ಹಿರಿಯರಿಗೆ ಮಾತ್ರ ಹೇಳಿ, ಮೇನ್ ಸ್ವಿಚ್ ಆಫ್ ಮಾಡಿಬಿಡಿ. ಮೊಬೈಲ್ ಬೆಳಕು ಬಳಸಬೇಡಿ. ಟಾರ್ಚು, ಬಿಪಿ-ಶುಗರ್ ಮಾತ್ರೆ, ಕಾಗದಪತ್ರ, ಕುಡಿಯುವ ನೀರು ಹತ್ತು ನಿಮಿಷದಲ್ಲಿ ಬಾಗಿಲ ಹತ್ತಿರ ಬರಬೇಕು. ನಾನು ಕಳೆದ ವರ್ಷ ಮಾಡಿ ನೋಡಿದೆ. ಟಾರ್ಚು ಅತ್ತೆಯವರ ಟ್ರಂಕಿನಲ್ಲಿತ್ತು, ಟ್ರಂಕಿನ ಮೇಲೆ ಎರಡು ಜೋಳದ ಚೀಲ. ಕತ್ತಲಲ್ಲಿ ಚೀಲ ಇಳಿಸಿ ತೆಗೆದರೆ ಸೆಲ್ಲು ಸೋರಿ ಬಿಳಿ ಪುಡಿ ಹಿಡಿದಿತ್ತು, ಒಳಗಿನ ಸ್ಪ್ರಿಂಗು ಬೆರಳು ತಾಗಿದ್ದೇ ಮುರಿದು ಬಂತು. ಅತ್ತೆಯವರ ಬಿಪಿ ಮಾತ್ರೆ ನೋಡಿದರೆ ಎರಡೇ ಉಳಿದಿದ್ದವು. ಹೊಳೆ ಬಂದಿದ್ದರೆ ಮೂರನೇ ದಿನ ಅವರಿಗೆ ಏನು ಕೊಡುತ್ತಿದ್ದೆ? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈಗ ಟಾರ್ಚು ಬಾಗಿಲ ಹಿಂದಿನ ಮೊಳೆಗೆ ತೂಗುತ್ತದೆ, ಸೆಲ್ಲು ಬೇರೆ ಪೊಟ್ಟಣದಲ್ಲಿ ಅದಕ್ಕೇ ಕಟ್ಟಿದೆ, ಮಾತ್ರೆ ಯಾವಾಗಲೂ ಹತ್ತು ದಿನದ್ದು ಜಾಸ್ತಿ ಇರುತ್ತದೆ.

ಊಟದ ಚಿಂತೆ ನಮ್ಮ ಭಾಗದವರಿಗೆ ಅಷ್ಟಿಲ್ಲ. ಖಟಕ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಯಲ್ಲಿದ್ದರೆ ಒಲೆಯೇ ಬೇಡ. ಕಷ್ಟ ನೀರಿನದು. ಕುಡಿಯೋಕೇ ಒಬ್ಬರಿಗೆ ದಿನಕ್ಕೆ 3-4 ಲೀಟರ್ ಹಿಡಿದು ಮೂರು ದಿನದ ಲೆಕ್ಕ ಹಾಕಿ, ಆಮೇಲೆ ನಿಮ್ಮ ಮನೆಯ ಕೊಡ, ಕ್ಯಾನು ಎಣಿಸಿ. ನೆರೆ ಇಳಿದ ಮೇಲೆ ಬಾವಿ, ಬೋರ್‌ವೆಲ್ ನೀರನ್ನು ಕುದಿಸದೆ ಕುಡಿಯಬೇಡಿ. ಭೇದಿ ಶುರುವಾಗಿ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸಮ. ಉಪ್ಪು ಹೆಚ್ಚಾಗಬಾರದು, ಮಕ್ಕಳಿಗೆ ಅಪಾಯ.

ಭೀಮೆಯ ಸ್ವಭಾವವನ್ನೂ ಮನೆಯವರಿಗೆಲ್ಲ ಹೇಳಿಕೊಡಿ. ನಮ್ಮೂರಲ್ಲಿ ಬಿಸಿಲು ಬಿದ್ದಿರುತ್ತದೆ, ಹೊಳೆ ಮಾತ್ರ ಏರುತ್ತಾ ಇರುತ್ತದೆ, ಯಾಕೆಂದರೆ ಆ ನೀರು ಮಹಾರಾಷ್ಟ್ರದ ಘಟ್ಟದ ಮಳೆ. ಉಜನಿ ಜಲಾಶಯದಿಂದ ಬಿಟ್ಟದ್ದು, ನೀರಾ ನದಿಯಿಂದ ಸೇರಿದ್ದು, ಎರಡೂ ಕೂಡಿ ನಿಮ್ಮ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಬರುತ್ತದೆ. ಆಕಾಶ ನೋಡಿ ನಿರ್ಧಾರ ಮಾಡಿದರೆ ಮೋಸ ಹೋಗುತ್ತೇವೆ. ಉಜನಿಯಿಂದ ಎಷ್ಟು ಬಿಟ್ಟರು ಅನ್ನೋದು ಸುದ್ದಿಯಲ್ಲಿ ಬರುತ್ತದೆ, ಅಲ್ಲಿಂದ ಇಲ್ಲಿಗೆ ಬರೋಕೆ ಸಮಯವೂ ಹಿಡಿಯುತ್ತದೆ. ಆ ಸಮಯವೇ ನಿಮ್ಮ ಆಸ್ತಿ. ಊರಲ್ಲಿ ಒಂದು ಗುರುತು ಹಿಡಿಯಿರಿ, ಗುಡಿಯ ಮೆಟ್ಟಿಲೋ ಬೇವಿನ ಮರದ ಬುಡವೋ. ನೀರು ಅಲ್ಲಿಗೆ ಬಂತೆಂದರೆ ಹೊರಡೋದೇ, ಮತ್ತೆ ಚರ್ಚೆ ಇಲ್ಲ. ಎಮ್ಮೆ ಬಿಟ್ಟು ಹೇಗೆ ಬರಲಿ ಅಂತ ಎಷ್ಟೋ ಜನ ಕೊನೆವರೆಗೂ ಕೂರುತ್ತಾರೆ, ಆ ಸಂಕಟ ನನಗೂ ಗೊತ್ತು. ದನಗಳನ್ನು ಮೊದಲೇ ಎತ್ತರಕ್ಕೆ ಸಾಗಿಸಿ. ಆಗದೇ ಹೋದರೆ ಹಗ್ಗವನ್ನಾದರೂ ಬಿಚ್ಚಿ, ಕಟ್ಟಿಹಾಕಿದ ದನಕ್ಕೆ ಉಳಿಯುವ ದಾರಿಯೇ ಇಲ್ಲ. ಅಜ್ಜನ ಕೈ ಹಿಡಿಯೋರು ಯಾರು, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತಾರೆ, ಇದನ್ನೂ ಈಗಲೇ ಕೇಳಿಟ್ಟುಕೊಳ್ಳಿ. ಜಿಲ್ಲಾ ಸಹಾಯವಾಣಿ 1077, ತುರ್ತಿಗೆ 112. ಫೋನ್ ಸತ್ತರೂ ಸಿಗಲಿ ಅಂತ ಗೋಡೆ ಮೇಲೆ ಬರೆಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಮಳೆ ಸದ್ದಿಗೆ ನಿದ್ದೆ ಬರದಿದ್ದರೆ, ಎದೆ ಹೊಡೆದುಕೊಂಡರೆ, ಒಳಗೇ ನುಂಗಬೇಡಿ ತಂಗಿ. ಮನಸ್ಸಿನ ಆರೋಗ್ಯಕ್ಕಾಗಿ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಯಾದಗಿರಿ ಕಡೆಯವನು. ದಿನಾ ಬೈಕ್ ಮೇಲೆ ಕೆಲಸಕ್ಕೆ ಹೋಗುತ್ತೇನೆ, ದಾರಿಯಲ್ಲಿ ಹಳ್ಳ ಇದೆ. ನೀರು ಬಂದಾಗಲೂ ಎಷ್ಟೋ ಸಲ ದಾಟಿದ್ದೇನೆ, ಈಜು ಚೆನ್ನಾಗಿ ಬರುತ್ತದೆ. ಮನೆಯವರು ಸುಮ್ನೆ ಹೆದರುತ್ತಾರೆ ಅಲ್ವಾ?

ಉತ್ತರ: ಇಲ್ಲ ತಮ್ಮ, ಅವರು ಹೆದರೋದು ಸರಿಯೇ ಇದೆ. ಜೋರಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ, ಅಂದರೆ ಅರ್ಧ ಅಡಿ, ದೊಡ್ಡವರ ಕಾಲು ಕೀಳಬಲ್ಲದು. 60 ಸೆಂಟಿಮೀಟರ್‌ಗೆ ಕಾರೇ ತೇಲಿ ಹೋಗುತ್ತದೆ. ಬಾವಿಯಲ್ಲಿ ಕಲಿತ ಈಜು ಮುಳ್ಳುಕಂಟಿ, ಕಲ್ಲು, ತಂತಿ ಹೊತ್ತು ತರುವ ಕೆಂಪು ನೀರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ನೀರಿನ ಕೆಳಗೆ ನಿನ್ನೆ ಇದ್ದ ರಸ್ತೆ ಇವತ್ತು ಇದೆಯಾ ಅಂತ ಮೇಲಿಂದ ಕಾಣುವುದೇ ಇಲ್ಲ. ಮಳಖೇಡದಲ್ಲಿ ಕಾಗಿಣಾ ನದಿ ಉಕ್ಕಿದಾಗ ಸೇಡಂ ರಸ್ತೆಯ ಬಸ್ಸುಗಳೇ ನಿಲ್ಲುತ್ತವೆ, ನಿನ್ನ ಬೈಕ್ ಯಾವ ಲೆಕ್ಕ?

ನಿನ್ನನ್ನು ನೀನೇ ಒಂದು ಕೇಳಿಕೋ. ಹಳ್ಳದ ಆಚೆ ದಂಡೆಯಲ್ಲಿ ನಾಲ್ಕು ಜನ ನಿಂತು ನೋಡುತ್ತಿರುವಾಗ, ಮನೆ ಇನ್ನೊಂದೇ ಕಿಲೋಮೀಟರ್ ಇರುವಾಗ, ಬೈಕ್ ತಿರುಗಿಸೋ ಧೈರ್ಯ ಇದೆಯಾ? ನನಗೆ ಕೇಳಿದರೆ ಅದೇ ದೊಡ್ಡ ಪರೀಕ್ಷೆ. ಈಚೆ ದಂಡೆಯ ಊರಲ್ಲಿ ಒಬ್ಬ ಸಂಬಂಧಿಕರ ಮನೆಯಲ್ಲೋ ಗೆಳೆಯನ ಮನೆಯಲ್ಲೋ ಒಂದು ಜೊತೆ ಬಟ್ಟೆ ಇಟ್ಟುಬಿಡು, ಆಗ ತಿರುಗೋದು ಸುಲಭ. ಬೇರೆಯವರು ಕೊಚ್ಚಿಕೊಂಡು ಹೋಗುತ್ತಿದ್ದರೂ ನೀನು ಹಾರಬೇಡ. ಹಗ್ಗ ಎಸೆ, ಅದರ ತುದಿಗೆ ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನು ಕಟ್ಟಿ ಎಸೆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ಬೀದರ್‌ನ ನಿವೃತ್ತ ಶಿಕ್ಷಕ. ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ಬೆಳಗು ಇನ್ನೂ ನೆನಪಿದೆ. ನಮ್ಮದು ಹಳೆಯ ಕಲ್ಲು-ಮಣ್ಣಿನ ಮನೆ, ಮೊಮ್ಮಕ್ಕಳಿದ್ದಾರೆ. ಈಗ ಏನು ನೋಡಿಕೊಳ್ಳಬೇಕು?

ಉತ್ತರ: ಗುರುಗಳೇ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಸುತ್ತ ಅಷ್ಟು ಜನ ಸತ್ತದ್ದು ಭೂಮಿ ನಡುಗಿದ್ದಕ್ಕಿಂತ ಮನೆಗಳು ಮೈಮೇಲೆ ಬಿದ್ದದ್ದರಿಂದ. ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ, ಕೆಳಗೆ ನಿದ್ದೆಯಲ್ಲಿದ್ದ ಜನ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಕಡೆ ನೆಲ ಮತ್ತೆ ಮತ್ತೆ ಅದುರಿದಾಗ ಜನ ಮನೆ ಹೊರಗೆ ಮಲಗಿದ್ದು ಇದೇ ಭಯಕ್ಕೆ.

ಮಾಳಿಗೆ ಮೇಲೆ ವರ್ಷ ವರ್ಷ ಹಾಕಿದ ಮಣ್ಣಿನ ಭಾರ ಇಳಿಸಬಹುದಾ ಅಂತ ಗೌಂಡಿಯನ್ನು ಕರೆಸಿ ಕೇಳಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಮೂಲೆಯಲ್ಲಿ ಬಿರುಕು ಅಗಲವಾಗುತ್ತಿದ್ದರೆ ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ನಾಲ್ಕು ದಿನ ಜಡಿಮಳೆ ಹಿಡಿದರೆ ಇಂಥ ಗೋಡೆ ಭೂಕಂಪ ಇಲ್ಲದೆಯೂ ಕುಸಿಯುತ್ತದೆ. ನಡುಕ ಬಂದಾಗ ಇಂಥ ಮನೆಯಲ್ಲಿ ಬಾಗಿಲು ಹತ್ತಿರವಿದ್ದರೆ ತಕ್ಷಣ ಬಯಲಿಗೆ ಬನ್ನಿ. ಗಟ್ಟಿಮುಟ್ಟಾದ ಆರ್‌ಸಿಸಿ ಮನೆಯಾದರೆ ಓಡದೆ ಮೇಜಿನ ಕೆಳಗೆ ಕೂರೋದು ಒಳ್ಳೆಯದು. ಮೊಮ್ಮಕ್ಕಳ ಹಾಸಿಗೆಯನ್ನು ಇವತ್ತೇ ಬಾಗಿಲ ಕಡೆಗೆ ತಂದು ಹಾಕಿ, ತಲೆ ಮೇಲಿನ ಅಟ್ಟದ ಹಿತ್ತಾಳೆ ಹಂಡೆ, ಕೊಪ್ಪರಿಗೆ ಎಲ್ಲಾ ನೆಲಕ್ಕೆ ಇಳಿಸಿ. ಬಾಗಿಲಿಗೆ ರಾತ್ರಿ ಒಳಗಿನಿಂದ ಬೀಗ ಹಾಕುವ ರೂಢಿ ಇದ್ದರೆ ಬಿಟ್ಟು, ಮಕ್ಕಳ ಕೈಗೆ ಎಟುಕುವ ಚಿಲಕ ಒಂದು ಹಾಕಿಸಿ.