ಖಾಲಿ ಅಡ್ಡರಸ್ತೆಗೆ ಹಸಿರು ದೀಪ: ಅನುದಾನ ಕೇಳುವ ಮೊದಲು

ಪೆನ್ಸಿಲ್ವೇನಿಯಾದ ಟೌನ್‌ಶಿಪ್ ಒಂದರಲ್ಲಿ ನೆಲೆಸಿರುವ ಓದುಗರು ಬರೆದಿದ್ದಾರೆ: ‘ನಮ್ಮ ಮುಖ್ಯರಸ್ತೆಯಲ್ಲಿ ಅರ್ಧ ಮೈಲಿಗೊಂದರಂತೆ ನಾಲ್ಕು ಸಿಗ್ನಲ್‌ಗಳಿವೆ. ಬೆಳಿಗ್ಗೆ ಒಂದೊಂದರಲ್ಲೂ ನಿಲ್ಲಬೇಕು. ರಾತ್ರಿ ಹನ್ನೊಂದಕ್ಕೂ ಅಡ್ಡರಸ್ತೆಯಲ್ಲಿ ಒಂದೇ ಒಂದು ಕಾರಿಲ್ಲದಾಗ ಅದಕ್ಕೆ ಹಸಿರು ಬೀಳುತ್ತದೆ. ಸಿಗ್ನಲ್ ಸುಧಾರಣೆಗೆಂದು ರಾಜ್ಯ ಕೊಡುವ ಗ್ರೀನ್ ಲೈಟ್-ಗೋ ಅನುದಾನ ಪಡೆದು, ದಟ್ಟಣೆ ನೋಡಿ ತಾನೇ ಸಮಯ ಬದಲಿಸಿಕೊಳ್ಳುವ ಅಡಾಪ್ಟಿವ್ ವ್ಯವಸ್ಥೆ ಹಾಕಿಸಬೇಕೆಂದು ಟೌನ್‌ಶಿಪ್ ಮಂಡಳಿ ಯೋಚಿಸುತ್ತಿದೆ. ಸಭೆಯಲ್ಲಿ ನಾನು ಏನು ಕೇಳಲಿ?’

ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಮಾತು ರಾತ್ರಿ ಹನ್ನೊಂದರದು. ಖಾಲಿ ಅಡ್ಡರಸ್ತೆಗೆ ಪ್ರತಿ ಸುತ್ತಿನಲ್ಲೂ ಹಸಿರು ಸಿಗುತ್ತಿದೆ ಎಂದರೆ, ಅಲ್ಲಿ ವಾಹನ ಬಂದದ್ದನ್ನು ತಿಳಿಸುವ ಡಿಟೆಕ್ಟರ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಸಿಗ್ನಲ್‌ಗಳಲ್ಲಿ ಇದು ಸಾಮಾನ್ಯವಾಗಿ ಡಾಂಬರನ್ನು ಸೀಳಿ ಹುದುಗಿಸಿದ ತಂತಿಯ ಸುರುಳಿ, ಅಂದರೆ ಲೂಪ್. ಸಾಮಾನ್ಯ ಅಳತೆ ಆರು ಅಡಿ ಉದ್ದ, ಆರು ಅಡಿ ಅಗಲ. ಲೂಪ್ ತುಂಡಾದರೆ ‘ವಾಹನ ಸದಾ ನಿಂತೇ ಇದೆ’ ಎಂದು ದೀಪಗಳನ್ನು ನಡೆಸುವ ಕಂಟ್ರೋಲರ್ ಲೆಕ್ಕ ಹಿಡಿಯುತ್ತದೆ. ಹಾಗೆ ಮಾಡದಿದ್ದರೆ ಅಡ್ಡರಸ್ತೆಯವರು ಬೆಳಗಿನವರೆಗೂ ಕೆಂಪು ದೀಪದೆದುರು ಕಾಯಬೇಕಾಗುತ್ತದಲ್ಲ! ಹಾಗಾಗಿ ಅವರಿಗೆ ಪ್ರತಿ ಸುತ್ತಿನಲ್ಲೂ ಗರಿಷ್ಠ ಹಸಿರು ಸಿಗುತ್ತದೆ, ಮುಖ್ಯರಸ್ತೆಯವರು ಅಷ್ಟೂ ಹೊತ್ತು ನಿಲ್ಲುತ್ತಾರೆ. ಯಾರೋ ದುರಸ್ತಿಗೆ ಬಂದಾಗ ‘ರೀಕಾಲ್’, ಅಂದರೆ ವಾಹನ ಇರಲಿ ಬಿಡಲಿ ಪ್ರತಿ ಸುತ್ತಿನಲ್ಲೂ ಹಸಿರು ಕೊಡುವ ಸೆಟ್ಟಿಂಗ್, ಹಾಕಿ ತೆಗೆಯದೆ ಹೋಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಇವೆರಡರಲ್ಲಿ ಯಾವುದು ಎಂಬುದನ್ನು ನಿರ್ವಹಣೆಯ ಗುತ್ತಿಗೆದಾರರು ಕಂಟ್ರೋಲರ್ ಇರುವ ಪೆಟ್ಟಿಗೆಯ, ಅಂದರೆ ಕ್ಯಾಬಿನೆಟ್‌ನ, ಬಾಗಿಲು ತೆರೆದು ಒಂದೇ ಭೇಟಿಯಲ್ಲಿ ಹೇಳಬಲ್ಲರು. ಲೂಪ್ ತಂತಿಗೂ ನೆಲಕ್ಕೂ ನಡುವಿನ ವಿದ್ಯುತ್ ನಿರೋಧವನ್ನು ಮೆಗ್ಗರ್ ಎಂಬ ಮಾಪಕದಿಂದ ಅಳೆದರೆ ಒಳ್ಳೆಯ ಲೂಪ್ 100 ಮೆಗಾಓಮ್‌ಗೂ ಹೆಚ್ಚು ತೋರಿಸಬೇಕು. ಎಷ್ಟೋ ಸಲ ಲೂಪ್ ಸರಿಯಾಗಿಯೇ ಇರುತ್ತದೆ, ರಸ್ತೆಬದಿಯ ಜಂಕ್ಷನ್ ಬಾಕ್ಸ್‌ನಲ್ಲಿ ತಂತಿಯ ಜೋಡಣೆಗೆ ನೀರು ಇಳಿದಿರುತ್ತದೆ. ಅದು ಅನುದಾನಕ್ಕೆ ಕಾಯಬೇಕಾದ ಕೆಲಸವೇ ಅಲ್ಲ.

ಪೆನ್ಸಿಲ್ವೇನಿಯಾದಲ್ಲಿ ಸುಮಾರು 14,000 ಸಿಗ್ನಲ್‌ಗಳಿವೆ. ರಾಜ್ಯ ಹೆದ್ದಾರಿಯ ಮೇಲಿದ್ದರೂ ಅವುಗಳ ಒಡೆತನ, ನಿರ್ವಹಣೆ, ಕರೆಂಟ್ ಬಿಲ್ ಎಲ್ಲ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯದು. ರಾಜ್ಯದ ಸಾರಿಗೆ ಇಲಾಖೆ ಪೆನ್‌ಡಾಟ್ ಕೊಡುವುದು ಅನುಮತಿ ಪತ್ರ. ನಾಲ್ಕು ಸಿಗ್ನಲ್ ಇರುವ ಸಣ್ಣ ಟೌನ್‌ಶಿಪ್ಪಿಗೆ ಸ್ವಂತ ಟ್ರಾಫಿಕ್ ಎಂಜಿನಿಯರ್ ಇರುವುದು ಅಪರೂಪ. ಈ ಹೊರೆ ಹಂಚಿಕೊಳ್ಳಲೆಂದೇ 2013ರ 89ನೇ ಕಾಯ್ದೆ ಗ್ರೀನ್ ಲೈಟ್-ಗೋಗೆ ದಾರಿ ಮಾಡಿತು. ಮೊದಲು ಅರ್ಧ ಪಾಲು ಸ್ಥಳೀಯ ಸಂಸ್ಥೆಯೇ ಹಾಕಬೇಕಿತ್ತು, ಆಮೇಲೆ ಅದನ್ನು ಶೇ. 20ಕ್ಕೆ ಇಳಿಸಿದರು. ಎರಡೂವರೆ ಲಕ್ಷ ಡಾಲರಿನ ಯೋಜನೆಯಾದರೆ ನಿಮ್ಮ ಟೌನ್‌ಶಿಪ್ ಐವತ್ತು ಸಾವಿರ ಎತ್ತಿಡಬೇಕು. ಇದು ಮುಂಗಡ ಹಣವಲ್ಲ, ಖರ್ಚಿನ ಬಿಲ್ ತೋರಿಸಿದ ಮೇಲೆ ಬರುವ ಮರುಪಾವತಿ ಎಂಬುದನ್ನೂ ಖಜಾಂಚಿ ಮೊದಲೇ ತಿಳಿದಿರಬೇಕು.

ಇನ್ನು ಬೆಳಗಿನ ತೊಂದರೆ. ಗಂಟೆಗೆ 35 ಮೈಲಿ ವೇಗವೆಂದರೆ ಸೆಕೆಂಡಿಗೆ ಸುಮಾರು 51 ಅಡಿ. ಅರ್ಧ ಮೈಲಿ, ಅಂದರೆ 2,640 ಅಡಿ ದಾಟಲು 51–52 ಸೆಕೆಂಡು ಬೇಕು. ಮೊದಲ ಸಿಗ್ನಲ್ ಹಸಿರಾದ ಅಷ್ಟು ಹೊತ್ತಿಗೆ ಎರಡನೆಯದು ಹಸಿರಾಗಿದ್ದರೆ ವಾಹನಗಳ ಗುಂಪು ನಿಲ್ಲದೆ ಸಾಗುತ್ತದೆ. ಈ ಅಂತರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಇದು ಕೆಲಸ ಮಾಡಲು ನಾಲ್ಕೂ ಕಡೆ ಸುತ್ತಿನ ಅವಧಿ ಒಂದೇ ಇರಬೇಕು, ನಾಲ್ಕೂ ಗಡಿಯಾರ ಒಂದೇ ಸಮಯ ತೋರಿಸಬೇಕು. ಸಿಗ್ನಲ್‌ಗಳ ನಡುವೆ ಸಂಪರ್ಕವೇ ಇಲ್ಲದಿದ್ದರೆ ಒಂದೆರಡು ಸಲ ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರಗಳು ಸರಿಯುತ್ತವೆ. 20 ಸೆಕೆಂಡು ಸರಿದರೂ ಸಾಕು, ಬರುವ ಇಡೀ ಗುಂಪು ಕೆಂಪಿಗೆ ಬಂದು ಬಡಿಯುತ್ತದೆ. ಒಂದೊಂದು ಕ್ಯಾಬಿನೆಟ್‌ಗೂ ಜಿಪಿಎಸ್ ಗಡಿಯಾರ ಕೂರಿಸುವುದು ಇದಕ್ಕಿರುವ ಅಗ್ಗದ ಮದ್ದು. ಫೈಬರ್ ಅಥವಾ ರೇಡಿಯೋ ಸಂಪರ್ಕ ಕೊಟ್ಟರೆ ದೋಷ ಕಂಡ ದಿನವೇ ಗೊತ್ತಾಗುವ ಲಾಭವೂ ಸಿಗುತ್ತದೆ.

ಸಮಯ ಹೊಸದಾಗಿ ಲೆಕ್ಕ ಹಾಕುವಾಗ ವಾಹನಗಳನ್ನಷ್ಟೇ ಎಣಿಸಿದರೆ ಸಾಲದು. 60 ಅಡಿ ಅಗಲದ ರಸ್ತೆ ದಾಟಲು, ಸೆಕೆಂಡಿಗೆ 3.5 ಅಡಿ ನಡಿಗೆಯಂತೆ, 17ಕ್ಕೂ ಹೆಚ್ಚು ಸೆಕೆಂಡು ಬೇಕು. ಅದಕ್ಕೆ ಮೊದಲು ‘ನಡೆಯಿರಿ’ ದೀಪಕ್ಕೆ ಸಾಮಾನ್ಯವಾಗಿ 7 ಸೆಕೆಂಡು. ಒಟ್ಟು 24ಕ್ಕೂ ಹೆಚ್ಚು. ಅಡ್ಡರಸ್ತೆಯ ವಾಹನಗಳಿಗೆ 15 ಸೆಕೆಂಡೇ ಸಾಕೆಂದು ಯೋಜನೆ ಹಾಕಿದ್ದರೆ, ಒಬ್ಬರು ಗುಂಡಿ ಒತ್ತಿದ ಕೂಡಲೇ ಹೊಂದಾಣಿಕೆ ತಪ್ಪಿ, ಮತ್ತೆ ಸರಿಹೋಗಲು ಒಂದೆರಡು ಸುತ್ತು ಹಿಡಿಯುತ್ತದೆ. ಶಾಲೆಯ ಹತ್ತಿರದ ಸಿಗ್ನಲ್‌ನಲ್ಲಿ ದಿನವೂ ಇದೇ ಕತೆಯಾಗುತ್ತದೆ. ಅಲ್ಲಿ ನಡೆದು ದಾಟುವವರ ಸಮಯವನ್ನು ಯೋಜನೆಯೊಳಗೇ ಸೇರಿಸಬೇಕು, ಅವರ ಸೆಕೆಂಡನ್ನು ಕತ್ತರಿಸುವ ಯೋಚನೆಯೇ ಬೇಡ. ಹಳದಿ ದೀಪದ ಸಮಯವನ್ನೂ ಕತ್ತರಿಸಬಾರದು. ಗಂಟೆಗೆ 45 ಮೈಲಿ ವೇಗಕ್ಕೆ ಸಮತಟ್ಟು ರಸ್ತೆಯಲ್ಲಿ 4.3 ಸೆಕೆಂಡು ಲೆಕ್ಕಕ್ಕೆ ಬರುತ್ತದೆ, ಶೇ. 4ರ ಇಳಿಜಾರಿನಲ್ಲಿ 4.8. ಬೆಟ್ಟದ ಊರುಗಳಲ್ಲಿ ಇಳಿಜಾರನ್ನು ಮರೆಯುವುದು ಅಪಾಯ.

ಹಾಗಾದರೆ ಅಡಾಪ್ಟಿವ್? ಅದು ದಟ್ಟಣೆಯನ್ನು ಗಳಿಗೆಗಳಿಗೆಗೂ ಅಳೆದು ಸಮಯ ಬದಲಿಸುವ ವ್ಯವಸ್ಥೆ. ಅಳೆಯುವ ಡಿಟೆಕ್ಟರುಗಳೇ ಕುರುಡಾಗಿದ್ದರೆ ಅದೂ ಕುರುಡು. ದಟ್ಟಣೆ ದಿನದಿಂದ ದಿನಕ್ಕೆ ಏರುಪೇರಾಗುವ ಕಡೆ, ಉದಾಹರಣೆಗೆ ಕ್ರೀಡಾಂಗಣ, ದೊಡ್ಡ ಮಾಲ್, ಅಂತರರಾಜ್ಯ ಹೆದ್ದಾರಿ ಮುಚ್ಚಿದಾಗ ವಾಹನಗಳು ನುಗ್ಗುವ ರಸ್ತೆ, ಇಂಥಲ್ಲಿ ಅದಕ್ಕೆ ಬೆಲೆಯಿದೆ. ದಿನವೂ ಅದೇ ಹೊತ್ತಿಗೆ ಅದೇ ದಟ್ಟಣೆ ಬರುವ ನಾಲ್ಕು ಸಿಗ್ನಲ್‌ಗೆ ಒಳ್ಳೆಯ ಡಿಟೆಕ್ಟರ್, ಸಂಪರ್ಕ, ಹೊಸ ಸಮಯ ಯೋಜನೆ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇವೆಲ್ಲವನ್ನೂ ಗ್ರೀನ್ ಲೈಟ್-ಗೋ ಅಡಿ ಕೇಳಬಹುದು.

ಅರ್ಜಿಯ ಅಂದಾಜು ಎಲ್ಲಿ ಮೀರುತ್ತದೆ ಎಂಬುದನ್ನೂ ನೋಡಿ. ದೀಪಕ್ಕೆ ಹೊಳೆಯುವ ಅಂಚಿನ ಹಿಂಬದಿ ಹಲಗೆ ಹಾಕುವುದು ಚಿಲ್ಲರೆ ಕೆಲಸದಂತೆ ಕಾಣುತ್ತದೆ, ಆದರೆ ಅದಕ್ಕೆ ಗಾಳಿ ಬಡಿದು ಹಳೆಯ ಕಂಬದ ತೋಳಿನ ಮೇಲೆ ಭಾರ ಏರುತ್ತದೆ. ಕಂಬ ತಡೆಯುತ್ತದೆಯೇ ಎಂದು ಲೆಕ್ಕ ಮಾಡಿಸದಿದ್ದರೆ ಅರ್ಧ ದಾರಿಯಲ್ಲಿ ಹೊಸ ಕಂಬ, ಹೊಸ ತಳಪಾಯದ ಖರ್ಚು ಬಂದು ಕೂರುತ್ತದೆ. ನಡೆದು ದಾಟುವವರ ಗುಂಡಿ ಬದಲಿಸಲು ಹೊರಟರೆ ಗಾಲಿಕುರ್ಚಿಯವರಿಗೆ ಕೈಗೆಟಕುವ ಜಾಗ, ಇಳಿಜಾರು ಕಟ್ಟೆ ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲದಿದ್ದರೆ ಮೂಲೆಯ ಕಾಂಕ್ರೀಟ್ ಒಡೆಯಬೇಕು, ಕೆಲವೊಮ್ಮೆ ಪಕ್ಕದವರ ಜಾಗವೂ ಬೇಕು. ಎಲ್‌ಇಡಿ ದೀಪ ಕರೆಂಟ್ ಉಳಿಸುತ್ತದೆ ನಿಜ. ಆದರೆ ಬಿಸಿಯಾಗದ ಕಾರಣ ಹಿಮ ಕರಗದೆ ಅಂಟಿಕೊಳ್ಳುತ್ತದೆ, ವಯಸ್ಸಾದಂತೆ ಆರಿಹೋಗದೆ ಮೆಲ್ಲಗೆ ಮಂಕಾಗುತ್ತದೆ. ಹಾಕಿದ ವರ್ಷವನ್ನು ದಾಖಲಿಸಿಟ್ಟರೆ ಮಾತ್ರ ಬದಲಿಸುವ ಹೊತ್ತು ತಿಳಿಯುತ್ತದೆ.

ಸಭೆಯಲ್ಲಿ ನಾಲ್ಕೂ ಸಿಗ್ನಲ್‌ಗಳ ಈಗಿನ ಅನುಮತಿ ನಕ್ಷೆಯನ್ನೂ ಕಳೆದ ಎರಡು ವರ್ಷದ ದುರಸ್ತಿ ದಾಖಲೆಯನ್ನೂ ಕೇಳಿ. ನಕ್ಷೆಯಲ್ಲಿರುವುದಕ್ಕೂ ಕ್ಯಾಬಿನೆಟ್‌ನಲ್ಲಿ ಓಡುತ್ತಿರುವ ಸಮಯಕ್ಕೂ ತಾಳೆ ಆಗುತ್ತದೆಯೇ ಎಂದು ಪರೀಕ್ಷಿಸಿದವರು ಯಾರು, ಯಾವಾಗ ಎಂದೂ ಕೇಳಿ. ಅನುಮತಿ ಬದಲಾಗಬೇಕಾದರೆ ಟಿಇ-160 ಅರ್ಜಿ ಪೆನ್‌ಡಾಟ್‌ಗೆ ಹೋಗಬೇಕು, ಆದ್ದರಿಂದ ಅವರ ಜಿಲ್ಲಾ ಕಚೇರಿಯ ಟ್ರಾಫಿಕ್ ವಿಭಾಗದವರನ್ನು ಅಂದಾಜು ಪಟ್ಟಿ ಬರೆಯುವ ಮೊದಲೇ ಸ್ಥಳಕ್ಕೆ ಕರೆಯುವುದು ಒಳ್ಳೆಯದು. ಅನುದಾನದ ಜೊತೆ ನಿರ್ವಹಣಾ ಒಪ್ಪಂದಕ್ಕೂ ಸಹಿ ಹಾಕಬೇಕಾಗುತ್ತದೆ. ಹೊಸ ಉಪಕರಣದ ವಾರ್ಷಿಕ ಖರ್ಚು, ಸಾಫ್ಟ್‌ವೇರ್ ಶುಲ್ಕ, ಸಂಪರ್ಕದ ಮಾಸಿಕ ಬಿಲ್ ಯಾವ ಬಾಬತ್ತಿನಿಂದ ಬರುತ್ತದೆ ಎಂಬುದು ಬಜೆಟ್ಟಿನಲ್ಲಿ ಕಾಣಬೇಕು.

ಕೊನೆಯದಾಗಿ, ಆ ಮುಖ್ಯರಸ್ತೆಗೆ ಮತ್ತೆ ಡಾಂಬರು ಹಾಕುವುದು ಯಾವ ವರ್ಷ ಎಂದು ಕೇಳಲು ಮರೆಯಬೇಡಿ. ಹಳೆಯ ಪದರ ಕೆರೆದು ತೆಗೆಯುವ ಯಂತ್ರ ಲೂಪ್‌ಗಳನ್ನೂ ಕತ್ತರಿಸಿಕೊಂಡೇ ಹೋಗುತ್ತದೆ. ಅದು ಮುಂದಿನ ವರ್ಷವೇ ಇದ್ದರೆ ಈಗ ಲೂಪ್ ಹಾಕಿಸಬೇಡಿ, ಕಂಬದ ಮೇಲೆ ಕೂರುವ ರಾಡಾರ್ ಡಿಟೆಕ್ಟರ್ ಕೇಳಿ. ಕ್ಯಾಮೆರಾ ಡಿಟೆಕ್ಟರ್‌ಗೆ ಮಂಜು, ಬೆಳಗಿನ ಎದುರು ಬಿಸಿಲು ಎರಡೂ ಕಾಟ ಕೊಡುತ್ತವೆ. ನಿಮ್ಮ ರಸ್ತೆ ಪೂರ್ವ–ಪಶ್ಚಿಮವಾಗಿದ್ದರೆ ರಾಡಾರನ್ನೇ ಆರಿಸಿಕೊಳ್ಳಿ.